ಎಂಟು ಗಂಟೆಯ ಮಾತ್ರೆ



ನಾಡುನುಡಿಯ ವಿಚಾರವಾಗಿ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ಬ್ಯಾಂಕಿನ ಗುಮಾಸ್ತರಾದ ನಾವು ನಮ್ಮ ಮನೆಯ ಸಂಗತಿಯೊಂದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ರಾಯಚೂರಿನಿಂದ ಬಂದು ಮಿಯಾಪುರದಲ್ಲಿ ನೆಲೆಸಿರುವ ನಮ್ಮ ಕುಟುಂಬದಲ್ಲಿ, 2022ರಲ್ಲಿ ನಮ್ಮ ತಮ್ಮನಿಗೆ ಮೂತ್ರಪಿಂಡದ ಕಸಿಯಾಯಿತು. ಕೊಟ್ಟವರು ನಮ್ಮ ತಾಯಿಯವರು. ಇಬ್ಬರೂ ಕ್ಷೇಮವಾಗಿ ಮನೆಗೆ ಬಂದಾಗ ಗಂಡಾಂತರ ಕಳೆಯಿತೆಂದೇ ಭಾವಿಸಿದೆವು. ನಿಜವಾದ ಕೆಲಸ ಮೊದಲಾದದ್ದು ಆಮೇಲೆಯೇ.

ಹೆತ್ತ ತಾಯಿ ಕೊಟ್ಟದ್ದೇ ಆಗಲಿ, ಹೊಸ ಅಂಗವನ್ನು ದೇಹವು ಪರಕೀಯವೆಂದೇ ಎಣಿಸಿ ಅದರ ಮೇಲೆ ಬೀಳುತ್ತದೆ. ಈ ವಿರೋಧವನ್ನು ಅಡಗಿಸಲು ಟ್ಯಾಕ್ರೋಲಿಮಸ್ ಮೊದಲಾದ ಮಾತ್ರೆಗಳನ್ನು ಆ ಅಂಗ ಕೆಲಸ ಮಾಡುವವರೆಗೂ ಸೇವಿಸಬೇಕು. ನಮ್ಮ ಮನೆಯಲ್ಲಿ ಬೆಳಗ್ಗೆ 8, ರಾತ್ರಿ 8. ಅದೇ ಮಾತ್ರೆಗಳು ರೋಗವನ್ನು ತಡೆಯುವ ಶಕ್ತಿಯನ್ನೂ ಕುಂದಿಸುತ್ತವೆ. ಆದಕಾರಣ ಮೊದಲ ತಿಂಗಳುಗಳಲ್ಲಿ ಹಸಿ ಕೋಸಂಬರಿಯಿಲ್ಲ, ಹೊರಗಿನ ಪಾನಕವಿಲ್ಲ. ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದೆಂದು ಚಕ್ಕೋತದ ಹಣ್ಣು ಇಂದಿಗೂ ವರ್ಜ್ಯ. ಪ್ರಸಾದ ತಂದ ನೆರೆಯವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿ ಕಳುಹಿಸಿದೆವು. ನೊಂದವರಿದ್ದರೆ ಇಲ್ಲಿಂದಲೇ ಕ್ಷಮೆ ಬೇಡುತ್ತೇವೆ.

ಎರಡನೆಯ ವರ್ಷ ತಮ್ಮ ಮತ್ತೆ ಕೆಲಸಕ್ಕೆ ಹೋಗತೊಡಗಿದ. ಮೈ ತುಂಬಿಕೊಂಡಿತು, ಭಯ ಹೋಯಿತು. ಒಂದು ರಾತ್ರಿ ಮಾತ್ರೆ ತಪ್ಪಿತು, ಏನೂ ಆಗಲಿಲ್ಲ. ಮತ್ತೊಂದು ತಪ್ಪಿತು. ನೋವಿಲ್ಲ, ಜ್ವರವಿಲ್ಲ, ಆದರೆ ರಕ್ತಪರೀಕ್ಷೆಯಲ್ಲಿ 1.2 ಇದ್ದ ಕ್ರಿಯಾಟಿನಿನ್ 2.1 ಆಗಿತ್ತು. ದೇಹವು ಅಂಗವನ್ನು ತಿರಸ್ಕರಿಸತೊಡಗಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ನರಕ್ಕೆ ಸ್ಟೀರಾಯ್ಡ್ ಕೊಟ್ಟ ಮೇಲೆ 1.5ಕ್ಕೆ ಇಳಿಯಿತು, ಹಿಂದಿನ ಅಂಕಿಗೆ ಮಾತ್ರ ಮರಳಲಿಲ್ಲ.

ತಾಯಿಯವರು ಮಗನನ್ನು ಗದರಿಸಲಿಲ್ಲ. ಮನೆಗೆ ಬಂದ ಅಂದಿನಿಂದ ಎಂಟು ಹೊಡೆಯುತ್ತಲೇ ಒಂದು ಲೋಟ ನೀರು ಹಿಡಿದು ಅವನೆದುರು ನಿಲ್ಲುತ್ತಾರೆ. ಲೋಟ ಬರಿದಾಗುವವರೆಗೆ ಕದಲುವುದಿಲ್ಲ.

ಬ್ಯಾಂಕಿನ ಸಾಲಕ್ಕೆ ಕೊನೆಯ ಕಂತೆಂಬುದುಂಟು. ಈ ಋಣಕ್ಕೆ ಅದಿಲ್ಲ. ದಿನಕ್ಕೆರಡು ಕಂತು, ಒಂದೂ ಬಾಕಿ ಉಳಿಯಕೂಡದು.

ಎಲ್ಲ ಮನೆಯಲ್ಲಿಯೂ ಹೊಂದುವ ದಾನಿ ಇರುವುದಿಲ್ಲ. ಅಂಥವರು ನಮ್ಮಲ್ಲಿ 2013ರಲ್ಲಿ ಆರಂಭವಾದ ಜೀವನ್‌ದಾನ್ ಯೋಜನೆಯಲ್ಲಿ ಹೆಸರು ಬರೆಸಿ ಕಾಯುತ್ತಾರೆ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ, ಅವರ ಮನೆಯವರು ಆ ದುಃಖದಲ್ಲಿಯೂ ಅಂಗಗಳನ್ನು ದಾನಮಾಡಿದರು. ಹಾಗೆ ಬಂದ ಅಂಗವಾದರೆ, ಲೋಟ ಹಿಡಿದು ನಿಲ್ಲಲು ಕೊಟ್ಟವರು ಎದುರಿಗಿರುವುದಿಲ್ಲ. ಆ ಲೋಟವನ್ನು ನಾವು ಹಿಡಿಯಬೇಕು.

ಆದ್ದರಿಂದ ತಮ್ಮಲ್ಲಿ ಎರಡೇ ಬಿನ್ನಹ. ಇಂಥವರ ಮನೆಗೆ ನೆಗಡಿಯಿದ್ದಾಗ ಹೋಗಬೇಡಿ, ಫೋನಿನಲ್ಲಿ ವಿಚಾರಿಸಿ. "ಚೆನ್ನಾಗಿದ್ದೀಯಲ್ಲ, ಇನ್ನೂ ಮಾತ್ರೆ ಯಾಕೆ?" ಎಂದು ಕೇಳಬೇಡಿ. "ಎಂಟಾಯಿತು, ಮಾತ್ರೆ ಆಯಿತೇ?" ಎಂದು ಕೇಳಿ. ಊರು ಬಿಟ್ಟು ಬಂದ ನಮಗೆ ನೀವೇ ಬಂಧುಬಳಗ.