ಕಮಲಾದೇವಿ ಸೋತ ಊರಿನಿಂದ ದೆಹಲಿಗೆ



ನಮ್ಮ ಉಳ್ಳಾಲದಲ್ಲಿ ಹೆಣ್ಣು ಮತ್ತು ರಾಜಕೀಯ ಎಂದರೆ ಮಾತು ಹಿಂದೆ ಇಲ್ಲಿ ಆಳಿದ ರಾಣಿ ಅಬ್ಬಕ್ಕನಿಂದ ಶುರುವಾಗುವುದು ವಾಡಿಕೆ. ಆಕೆಗೆ ಕೈಮುಗಿದು ನಾನು ನೇರ 1926ಕ್ಕೆ ಬರುತ್ತೇನೆ. ಅಬ್ಬಕ್ಕನಿಗೆ ಯಾರ ಟಿಕೆಟೂ ಬೇಕಿರಲಿಲ್ಲ. ನಮ್ಮ ತೊಡಕಿರುವುದೇ ಟಿಕೆಟಿನಲ್ಲಿ.

ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1921ರಲ್ಲಿ, ಚುನಾವಣೆಗೆ ನಿಲ್ಲುವ ಹಕ್ಕು 1926ರಲ್ಲಿ. ಅದೇ ವರ್ಷ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಆ ಊರಿನಿಂದಲೇ ಮದ್ರಾಸ್ ಶಾಸನಸಭೆಗೆ ನಿಂತರು. ವಯಸ್ಸು 23. ಬೆನ್ನಿಗೆ ನಿಂತವರು ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್. ಕೆಲವೇ ಮತಗಳಲ್ಲಿ ಸೋತರು. ಕಾನೂನು ಮಾಡುವಲ್ಲಿ ಹೆಂಗಸರೂ ಇರಬೇಕು ಎಂಬುದನ್ನು ಆಕೆಗೆ ಹೊರಗಿನವರು ಕಲಿಸಬೇಕಾಗಿರಲಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮಲಅಣ್ಣನ ಪಾಲಾಯಿತು. ತಾಯಿ ಗಿರಿಜಾಬಾಯಿಯ ಪಾಲಿಗೆ ಬಂದದ್ದು ತಿಂಗಳ ಜೀವನಾಂಶದ ಮಾತು ಮಾತ್ರ. ಆಕೆ ಅದನ್ನೂ ಬೇಡವೆಂದರು.

ಈಗ ಲೋಕಸಭೆಗೆ ಬನ್ನಿ. 1952ರಿಂದ ಇಂದಿನವರೆಗೆ ಮಂಗಳೂರು ಸೇರಿರುವ ನಮ್ಮ ಈ ಕ್ಷೇತ್ರದಿಂದ ಒಬ್ಬ ಮಹಿಳೆಯೂ ಗೆದ್ದು ಹೋಗಿಲ್ಲ. ಹಾಗೆಂದು ಇಲ್ಲಿನ ಹೆಣ್ಣುಮಕ್ಕಳು ದೆಹಲಿ ತಲುಪಲಿಲ್ಲವೇ? ತಲುಪಿದ್ದಾರೆ, ಸುತ್ತುದಾರಿಯಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ 1974ರಿಂದ 1998ರವರೆಗೆ ರಾಜ್ಯಸಭೆಯಲ್ಲಿದ್ದರು. 1999ರಲ್ಲಿ ಲೋಕಸಭೆಗೆ ಗೆದ್ದದ್ದು ಉತ್ತರ ಕನ್ನಡದಿಂದ. ಪುತ್ತೂರು ಕಡೆಯ ಶೋಭಾ ಕರಂದ್ಲಾಜೆ ಉಡುಪಿ–ಚಿಕ್ಕಮಗಳೂರಿನಿಂದ ಎರಡು ಸಲ, ಆಮೇಲೆ ಬೆಂಗಳೂರು ಉತ್ತರದಿಂದ ಗೆದ್ದರು.

ಜನ ಹೆಂಗಸರಿಗೆ ಓಟು ಹಾಕುವುದಿಲ್ಲ ಎಂದು ಪಕ್ಷದವರು ಹೇಳುತ್ತಾರೆ. ಪುತ್ತೂರನ್ನು ನೋಡಿ. 2004ರಲ್ಲಿ ಬಿಜೆಪಿಯ ಶಕುಂತಲಾ ಶೆಟ್ಟಿ, 2008ರಲ್ಲಿ ಅದೇ ಪಕ್ಷದ ಮಲ್ಲಿಕಾ ಪ್ರಸಾದ್, 2013ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಶಕುಂತಲಾ ಶೆಟ್ಟಿ. ಮೀಸಲಾತಿ ಇಲ್ಲದ ಕ್ಷೇತ್ರ, ಸತತ ಮೂರು ಸಲ ಶಾಸಕಿಯರು. ಮತದಾರರ ಮೇಲೆ ತಪ್ಪು ಹೊರಿಸುವ ಮೊದಲು ಟಿಕೆಟ್ ಹಂಚುವವರನ್ನು ಕೇಳೋಣ.

ಸ್ಥಾನ ಸಿಕ್ಕರೂ ಅಧಿಕಾರ ಸಿಗಬೇಕೆಂದಿಲ್ಲ. ನಮ್ಮ ಕಡೆಯ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಮನೆಯಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಬಂದರೂ ಕೀಲಿಕೈ ಯಜಮಾನ ಸೋದರಮಾವನ ಸೊಂಟದಲ್ಲಿರುತ್ತಿತ್ತು. ಪಂಚಾಯಿತಿಯಲ್ಲಿ ಹೆಂಡತಿಯ ಬದಲು ಅಧಿಕಾರ ನಡೆಸುವ ‘ಅಧ್ಯಕ್ಷೆಯ ಗಂಡ’ನನ್ನು ಕಂಡಾಗಲೆಲ್ಲ ನನಗೆ ಅದೇ ನೆನಪು. ಆದರೂ ಮೀಸಲಾತಿ ಬಾಗಿಲು ತೆರೆದದ್ದು ಸುಳ್ಳಲ್ಲ. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ ಚುನಾವಣೆಗೇ ಹೆಂಗಸರಿಗೆ ಶೇ. 25 ಸ್ಥಾನವಿತ್ತು, ಸಂವಿಧಾನದ 73ನೇ ತಿದ್ದುಪಡಿ ಆಮೇಲಿನದು. ಪಂಚಾಯಿತಿಯಲ್ಲಿ ಈಗ ಅರ್ಧ ಪಾಲು.

ದೆಹಲಿ ದೂರ, ನಮಗೇನು ಎನ್ನುವವರು ಈ ಆಸುಪಾಸಿನ ಬೀಡಿ ಕಟ್ಟುವ ಅಕ್ಕಂದಿರನ್ನು ಮಾತಾಡಿಸಬೇಕು. ಎಲೆ ಕಳಪೆ, ತಂಬಾಕಿನ ತೂಕ ಕಡಿಮೆ ಎಂದು ಬೀಡಿ ಕಂಪನಿಯ ಬ್ರಾಂಚಿನಲ್ಲಿ ದಬಾಯಿಸಿ ಕೇಳಬಲ್ಲವರು ಅವರು. ಅವರ ಕೆಲಸದ ಷರತ್ತುಗಳ 1966ರ ಕಾಯ್ದೆ, 1976ರ ಕಲ್ಯಾಣ ನಿಧಿ ಕಾಯ್ದೆ, ಎರಡೂ ಆದದ್ದು ಸಂಸತ್ತಿನಲ್ಲಿ. ಬೀಡಿ ಕಟ್ಟಿದ ಕೈಗಳು ಅಲ್ಲಿ ಎಷ್ಟಿದ್ದವು?

2024ರಲ್ಲಿ 543 ಸ್ಥಾನಗಳಿಗೆ ಗೆದ್ದ ಮಹಿಳೆಯರು 74. ಕರ್ನಾಟಕದ 28ರಲ್ಲಿ ಮೂವರು. 2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುತ್ತದೆ. ಆದರೆ ಅದು ಜಾರಿಯಾಗುವುದು ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಎಂದು ಅದರಲ್ಲೇ ಬರೆದಿದೆ. ಅಲ್ಲಿಯವರೆಗೆ ಮಹಿಳೆಯರಿಗೆ ಟಿಕೆಟ್ ಕೊಡಕೂಡದು ಎಂದು ಮಾತ್ರ ಎಲ್ಲೂ ಬರೆದಿಲ್ಲ.