ಪಾತ್ರಕ್ಕೆ ದುಡ್ಡು ಕಟ್ಟುವ ನಟ

ಕಾಲ ಬದಲಾದಾಗ ನಾಟಕ ಏನು ಮಾಡಿತು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆಯ ಊರಹಬ್ಬಗಳನ್ನು ನೋಡಿದರೆ ಸಾಕು. ರಾತ್ರಿಯಿಡೀ 'ಕುರುಕ್ಷೇತ್ರ'. ದುರ್ಯೋಧನನ ಕಿರೀಟ ಧರಿಸಿದವನು ಹಗಲು ಮಗ್ಗದ ಮುಂದೆ ಕೂರುವವನೋ, ರಾಗಿ ಬೆಳೆಯುವವನೋ ಆಗಿರುತ್ತಾನೆ. ಸಾಮಾನ್ಯವಾಗಿ ಈ ನಟ ಸಂಭಾವನೆ ಪಡೆಯುವುದಿಲ್ಲ; ಪಾತ್ರಕ್ಕೆ ತಾನೇ ದುಡ್ಡು ಕಟ್ಟುತ್ತಾನೆ. ಪಾತ್ರ ದೊಡ್ಡದಾದಷ್ಟೂ ವಂತಿಗೆಯೂ ದೊಡ್ಡದು.

ವಿಚಿತ್ರವೆನಿಸಬಹುದು. ಆದರೆ ಈ ನಾಟಕ ಉಳಿದ ಗುಟ್ಟು ಇಲ್ಲೇ ಇದೆ.

ಇದರ ತವರು ವೃತ್ತಿನಾಟಕ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ಕಂಪನಿಯಾಯಿತು. 1930ರ ದಶಕದ ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಆನೆಯ ಮೇವಿನ ಖರ್ಚೂ ಟಿಕೆಟ್ಟಿನಿಂದಲೇ ಹುಟ್ಟಬೇಕು! 1934ರಲ್ಲಿ 'ಸತಿ ಸುಲೋಚನ' ಬಂತು. ಸಿನಿಮಾ ಕನ್ನಡದಲ್ಲಿ ಮಾತನಾಡತೊಡಗಿತು. ವೀರಣ್ಣ ಅದನ್ನು ಶಪಿಸುತ್ತ ಕೂರಲಿಲ್ಲ. 1935ರಲ್ಲಿ ತಮ್ಮ 'ಸದಾರಮೆ'ಯನ್ನೇ ಚಿತ್ರವಾಗಿಸಿದರು. ಅವರ ಕಂಪನಿಯಲ್ಲಿದ್ದ ಮುತ್ತುರಾಜ್ 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದರು. ಕಲಾವಿದರ ಹಿಂದೆಯೇ ಪ್ರೇಕ್ಷಕರೂ ಹೋದರು.

ಟಿಕೆಟ್ಟಿನ ಲೆಕ್ಕ ಸೋತಲ್ಲಿ ಹಳ್ಳಿಗಳು ಆ ಲೆಕ್ಕವನ್ನೇ ತಿರುವಿ ಹಾಕಿದವು. ನೋಡುವವನು ಕೊಡದಿದ್ದರೆ ಆಡುವವನು ಕೊಡಲಿ. ಸೀನರಿ, ವೇಷಭೂಷಣ, ದೀಪ, ಮೈಕು ಎಲ್ಲವೂ ಒಂದು ರಾತ್ರಿಯ ಬಾಡಿಗೆಗೆ. ದ್ರೌಪದಿ, ಕುಂತಿಯ ಪಾತ್ರಗಳಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರು. ಊರವರು ಕೊಟ್ಟ ದುಡ್ಡು ಇವರಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಸಲ್ಲುತ್ತದೆ. ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ಓದು ಬಾರದವನಿಗೂ ಬಾಯಿಪಾಠ ಮಾಡಿಸಿ, ಶ್ರುತಿಗೆ ನಿಲ್ಲದ ಗಂಟಲನ್ನೂ ಹೇಗೋ ದಡ ಮುಟ್ಟಿಸುತ್ತಾರೆ. ಕಂಪನಿ ಕಾಲದ ಆನೆ ಹೋಯಿತು, ಹಾಡು ಮಾತ್ರ ಬಿಟ್ಟುಹೋಗಲಿಲ್ಲ. ನಗರದ ವಿಮರ್ಶಕರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಅಭಿನಯವೊಂದನ್ನೇ ಅಳೆದರೆ ಅವರದು ತಪ್ಪೆನ್ನಲಾಗದು.

ಈ ಏರ್ಪಾಟಿನಲ್ಲಿ ನಷ್ಟವೂ ಇದೆ. ಕಂಠವಿದ್ದವನನ್ನು ಬಿಟ್ಟು ಕಾಸಿದ್ದವನಿಗೆ ಕೃಷ್ಣನ ಪಾತ್ರ ಸಿಗುವುದುಂಟು. ಒಳ್ಳೆಯ ಹಾಡುಗಾರ ಚಾಪೆಯ ಮೇಲೆ ಕೂತು ನೋಡುತ್ತಾನೆ.

ಈಗ ಬಂದಿರುವ ಬದಲಾವಣೆ ಬೇರೆಯದು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಹೊಲಗಳು ಬಡಾವಣೆಗಳಾದವು. ನೆಲಮಂಗಲದ ದಾಬಸ್‌ಪೇಟೆಯಲ್ಲಿ, ಹೊಸಕೋಟೆಯಲ್ಲಿ ಕಾರ್ಖಾನೆ, ಗೋದಾಮುಗಳು ಎದ್ದವು. ಜಮೀನು ಮಾರಿದವನಿಗೆ ವಂತಿಗೆ ಕಷ್ಟವಲ್ಲ. ಸಿಗದಿರುವುದು ಹೊತ್ತು. ಪಾಳಿಯ ಕೆಲಸದ ಭೀಮ ಒಂದು ವಾರ ಹಗಲಿಗೆ, ಇನ್ನೊಂದು ವಾರ ರಾತ್ರಿಗೆ. ಅರ್ಜುನ ತಾಲೀಮಿಗೆ ಬಂದ ದಿನ ಕರ್ಣನಿಲ್ಲ. ಸೀನರಿಯಂತೆ ಮೂರು ತಿಂಗಳ ರಾತ್ರಿಗಳನ್ನು ಬಾಡಿಗೆಗೆ ತರುವಂತಿಲ್ಲ. ಹಾಡನ್ನೇನೋ ಮೇಷ್ಟ್ರು ಮೊಬೈಲಿಗೆ ಕಳುಹಿಸಿ ಕಲಿಸಬಹುದು. ಗದಾಯುದ್ಧಕ್ಕೆ ಮಾತ್ರ ಭೀಮ, ದುರ್ಯೋಧನರಿಬ್ಬರೂ ಒಂದೇ ರಾತ್ರಿ ಬಿಡುವಾಗಿ ಎದುರುಬದುರು ನಿಲ್ಲಬೇಕು.