ಕೈಯಲ್ಲಿ ಹಣವಿದ್ದೂ ಬರಿಗೈಯಲ್ಲಿ ಮರಳಬಾರದು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಅರ್ಜಿ ಪರಿಶೀಲನಾ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)

 

ಅರ್ಜಿಗಳ ಪರಿಶೀಲನೆಗಾಗಿ ನಾವು ಪ್ರತಿವರ್ಷ ಮನೆಮನೆಗೆ ಹೋಗುತ್ತೇವೆ. ಈ ಬಾರಿ ಅಗರಬತ್ತಿ ಹೊಸೆಯುವ ತಾಯಿಯೊಬ್ಬರು ಹೇಳಿದ ಮಾತು ಇನ್ನೂ ಮನಸ್ಸಿನಲ್ಲಿದೆ. ವಾರದ ಕೂಲಿಯಲ್ಲಿ ಉಳಿಸಿದ ಹಣ ಹಿಡಿದು ಮಗಳಿಗೆ ನೋಟ್‌ಬುಕ್ ತರಲು ಹೋದರೆ, ಅಂಗಡಿಯವರು ಕ್ಯೂಆರ್ ಫಲಕ ತೋರಿಸಿ, "ಕ್ಯಾಶ್ ತಗೊಳ್ಳೋದಿಲ್ಲಮ್ಮ, ಸ್ಕ್ಯಾನ್ ಮಾಡಿ" ಎಂದರಂತೆ. ಇವರ ಬಳಿ ಇದ್ದದ್ದು ಬಟನ್ ಫೋನು. "ನಾನು ಸಾಲ ಕೇಳೋಕೆ ಹೋಗಿರಲಿಲ್ಲ ಸಾರ್, ದುಡ್ಡು ಕೊಟ್ಟೇ ತರೋಕೆ ಹೋಗಿದ್ದೆ" ಎಂದರು.

ನೂರು ರೂಪಾಯಿ ನೋಟನ್ನು ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಅದರ ಬೆಲೆ ಬರೆದಿದೆ. ಕನ್ನಡವೂ ಇದೆ, ಉರ್ದುವೂ ಇದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನಂತೆ ಅದು ದೇಶದ ಎಲ್ಲೆಡೆ ಕಾನೂನುಬದ್ಧ ಹಣ. ಅಂಥ ನೋಟು ನಮ್ಮ ಬೀದಿಯಲ್ಲೇ ನಡೆಯದಿದ್ದರೆ ಹೇಗೆ?

ನಾವು ಯುಪಿಐ ವಿರೋಧಿಗಳಲ್ಲ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದ ಅನುಕೂಲ ಬಹಳ. ಆದರೆ ಅದಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬೇಕು, ಪಿನ್ ಬೇಕು. 2022ರಲ್ಲಿ ಬಟನ್ ಫೋನಿಗೂ 123ಪೇ ಬಂತು. ಖಾತೆಯೇ ಇಲ್ಲದವರಿಗೆ ಅದರಿಂದಲೂ ಪ್ರಯೋಜನವಿಲ್ಲ. 2025ರ ಜುಲೈನಲ್ಲಿ ತೆರಿಗೆ ನೋಟಿಸಿನ ಭಯದಿಂದ ಬೆಂಗಳೂರಿನ ಎಷ್ಟೋ ಸಣ್ಣ ವ್ಯಾಪಾರಿಗಳು "ಯುಪಿಐ ಇಲ್ಲ, ನಗದು ಮಾತ್ರ" ಎಂದು ಬರೆದು ಹಾಕಿದರು. ಆಗ ಫೋನನ್ನೇ ನಂಬಿ ಹೋದವರು ಪರದಾಡಿದರು. ಬಾಗಿಲು ಒಂದೇ ಇದ್ದರೆ ಯಾರಾದರೊಬ್ಬರು ಹೊರಗೇ ಉಳಿಯುತ್ತಾರೆ.

ಅಂಗಡಿಯವರನ್ನಷ್ಟೇ ದೂರಿ ಫಲವಿಲ್ಲ. ಕಳೆದ ವರ್ಷದ ಸಭೆಗೆ ಹಿರಿಯರೊಬ್ಬರು ವಿದ್ಯಾರ್ಥಿ ನಿಧಿಗೆಂದು ಹತ್ತು ರೂಪಾಯಿ ನಾಣ್ಯಗಳನ್ನು ಕಟ್ಟಿಕೊಂಡು ಬಂದಿದ್ದರು. ನಮ್ಮ ಮೇಜಿನ ಮೇಲೆ ಕ್ಯೂಆರ್ ಮಾತ್ರ ಇತ್ತು. ಅವರು ಗಂಟನ್ನು ಹಾಗೆಯೇ ಹಿಡಿದು ಹಿಂದಿರುಗಿದರು. ತಪ್ಪು ನಮ್ಮದು. ಇಂದು ರಸೀದಿ ಪುಸ್ತಕವನ್ನೂ ಇಟ್ಟಿದ್ದೇವೆ.

ವ್ಯಾಪಾರಿ ಬಾಂಧವರಲ್ಲಿ ವಿನಂತಿ: ಕ್ಯೂಆರ್ ಇರಲಿ, ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯೂ ಇರಲಿ. ಮಕ್ಕಳೇ, ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ಫೋನ್ ಬಳಸಲು ಕಲಿಸಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲವೆಂದೂ ತಿಳಿಸಿ. ಅವರಿಗೆ ಕಲಿಯಲಾಗದಿದ್ದರೆ ನಗಬೇಡಿ. ನಿಮ್ಮ ಫೀಸು ಕಟ್ಟಿದ್ದು ಅವರ ಸೆರಗಿನ ಗಂಟಿನ ಹಣವೇ.

ಈ ವರ್ಷದ ಅರ್ಜಿಗಳನ್ನು ಕಾಗದದಲ್ಲೂ ಸ್ವೀಕರಿಸುತ್ತೇವೆ. ನಮೂನೆಗೆ ಶುಲ್ಕವಿಲ್ಲ. ತುಂಬಲು ಬಾರದವರು ಕಚೇರಿಗೆ ಬನ್ನಿ, ನಾವೇ ಕುಳಿತು ತುಂಬಿಕೊಡುತ್ತೇವೆ.